ಹಲಗೆ ಮೇಲಿಟ್ಟ ಚಾಕು

ವಿನೋಬನಗರದ ಬಾಡಿಗೆ ರೂಮಿನಲ್ಲಿ ನಾನು ಒಬ್ಬನೇ ಇದ್ದ ಕಾಲ. ಕೆಲಸದ ಮೇಲೆ ಭದ್ರಾವತಿಗೆ ಹೋದಾಗ ಓಲ್ಡ್ ಟೌನಿನಲ್ಲಿ ಒಬ್ಬ ಯಜಮಾನರನ್ನು ಕಂಡೆ. ಕಾರ್ಖಾನೆಯಲ್ಲಿ ವಿಆರ್‌ಎಸ್ ತಗೊಂಡ ಮೇಲೆ, ಕಬ್ಬಿಣ ಕೊಯ್ದು ಸವೆದ ಹ್ಯಾಕ್ಸಾ ಬ್ಲೇಡುಗಳಿಂದ ಮಡಚುವ ಚಾಕು ಮಾಡಿ ಮಾರುತ್ತಿದ್ದರು. ಬೀಟೆ ಮರದ ಹಿಡಿ, ಉಗುರು ಸಿಕ್ಕಿಸಿ ಬಿಡಿಸೋಕೆ ಅಲಗಿನ ಮೇಲೊಂದು ಪುಟ್ಟ ಗೀರು. ಹಣ್ಣು ಹೆಚ್ಚೋಕೆ ಆಗುತ್ತೆ ಅಂತ ಒಂದು ಕೇಳಿದೆ.

ನಾನು ಕೈ ಚಾಚಿದರೂ ಅವರು ಕೊಡಲಿಲ್ಲ. ಮುಂದಿದ್ದ ಹಲಗೆ ಮೇಲಿಟ್ಟು, "ತಗೊಳ್ಳಿ" ಅಂದರು. ನನಗೆ ರೇಗಿತು.

"ಕೈಗೆ ಕೊಟ್ರೆ ಏನಾಗುತ್ತೆ?"

"ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಮಾರಾಯ್ರೆ."

"ಜಗಳ ಆಡೋಕಾದ್ರೂ ರೂಮಲ್ಲಿ ಇನ್ನೊಬ್ಬರು ಬೇಕಲ್ಲ, ಯಜಮಾನ್ರೆ!" ತಮಾಷೆಗೆ ಅಂದಿದ್ದು. ದನಿ ಯಾಕೋ ತಮಾಷೆಯಾಗಿ ಬರಲಿಲ್ಲ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಚಾಕುವನ್ನು ತಾವೇ ಎತ್ತಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

"ಹಾಗಾದ್ರೆ ಬನ್ನಿ, ನನ್ನ ಹತ್ರಾನೇ ಜಗಳ ಆಡಿ."

ಚಾಕು ಚೆನ್ನಾಗಿಯೇ ಇತ್ತು. ಆದರೂ ಮುಂದಿನ ಭಾನುವಾರ, ಇದು ಸರಿಯಾಗಿ ಮಡಚಲ್ಲ ಅಂತ ಜಗಳ ತೆಗೆಯೋಕೆ ಭದ್ರಾವತಿ ಬಸ್ಸು ಹತ್ತಿದೆ.