ಬೋಳು ತಲೆಯ ಬೋಲ್ಟು

“ಅಮ್ಮಾ, ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಇಟ್ಟೆ ಅಂದ್ರೆ ನೋಡು!”

ಅತ್ತೆ ಕಿರುಚಿದ ರಭಸಕ್ಕೆ, ಮಹಡಿಯ ಕೋಣೆಯಿಂದ ಹೊರಟಿದ್ದ ಅಜ್ಜಿ ಹೊಸ್ತಿಲಲ್ಲೇ ನಿಂತರು. ಕೆಳಗೆ ಬರಲು ಇರುವುದು ಹೊರಗಿನ ಕಬ್ಬಿಣದ ಮೆಟ್ಟಿಲು ಒಂದೇ. ಅದರ ಮೇಲಿನ ತುದಿಯನ್ನು ಗೋಡೆಯ ಆಧಾರಕ್ಕೆ ಹಿಡಿದಿದ್ದ ತುಕ್ಕು ಬೋಲ್ಟುಗಳನ್ನು ಚಿಕ್ಕಪ್ಪ ಆಗಷ್ಟೇ ತಾವೇ ಬದಲಾಯಿಸಿದ್ದರು.

“ಫಳಫಳ ಅಂತಿದೆ, ಇನ್ನೇನು ಬೇಕು ಅಕ್ಕಾ?” ಎಂದರು ಚಿಕ್ಕಪ್ಪ.

“ಹೊಳೆಯೋದನ್ನ ತಗೊಂಡು ಕಿವಿಗೆ ಹಾಕ್ಕೋ! ಬೋಲ್ಟಿನ ತಲೆ ಮೇಲೆ ಏನು ಬರೆದಿದೆ, ಓದು.”

“ಏನೂ ಇಲ್ಲ.”

“ಅದೇ! ಇಂಥ ಭಾರ ಹೊರೋ ಬೋಲ್ಟಿಗೆ ಎಂಟು ಪಾಯಿಂಟ್ ಎಂಟು ಅಂತ ಗಟ್ಟಿತನದ ಅಚ್ಚು ಇರುತ್ತೆ. ಇದು ನಿನ್ನ ತಲೆ ಥರಾನೇ ಬೋಳು. ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ!”

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಚಿಕ್ಕಪ್ಪ ತಲೆ ಸವರಿಕೊಂಡು, “ಹೋಗ್ಲಿ ಬಿಡಕ್ಕ, ಹಣೆಬರಹದಲ್ಲಿ ಇದ್ದ ಹಾಗೆ ಆಗುತ್ತೆ,” ಎಂದರು.

ಅಯ್ಯೋ, ಆ ಮಾತೊಂದನ್ನು ಆಡಬಾರದಿತ್ತು!

ಅತ್ತೆ ದೊಡ್ಡ ದೊಡ್ಡ ಶೆಡ್ಡು ಕಟ್ಟುವ ಫಿಟ್ಟರ್. ನಾವು ಫುಟ್‌ಪಾತಿನಲ್ಲಿ ನಡೆದಷ್ಟೇ ಸಲೀಸಾಗಿ ಕಬ್ಬಿಣದ ತೊಲೆಯ ಮೇಲೆ ನಡೆಯುತ್ತಾರೆ. ಹಿಂದೊಮ್ಮೆ ಅಗ್ಗದ ಬೋಲ್ಟು ತುಂಡಾಗಿ ಅಟ್ಟಣೆ ಕುಸಿದು, ಜೊತೆಗಾತಿಯ ಸೊಂಟ ಮುರಿಯಿತು. “ಅವಳ ಹಣೆಬರಹ,” ಎಂದ ಮೇಸ್ತ್ರಿಯ ಕಾಲ ಬಳಿ ಸ್ಪ್ಯಾನರ್ ಎಸೆದು ಅತ್ತೆ ಅಲ್ಲಿನ ಕೆಲಸ ಬಿಟ್ಟು ಹೊರನಡೆದರು. ತಲೆಯ ಮೇಲಿದ್ದ ಹೆಲ್ಮೆಟ್ ಮಾತ್ರ ವಾಪಸು ಕೊಡಲಿಲ್ಲ. ಈಗ ಅದರಲ್ಲಿ ಈರುಳ್ಳಿ ಇಡುತ್ತಾರೆ!

“ಹಣೆಬರಹ ಅಂತೆ! ಇದರ ಹಣೆ ಮೇಲೆ ಬರಹವೇ ಇಲ್ವಲ್ಲೋ! ಅಂಗಡೀಲಿ ಇದನ್ನ ಆರಿಸಿದ್ದು ದೇವರಾ, ನೀನಾ? ದಿನಾ ಹತ್ತಿ ಇಳಿಯೋಳು ನಮ್ಮಮ್ಮ ಕಣೋ!”

ಚಿಕ್ಕಪ್ಪ ತಲೆಯೆತ್ತಿ ಅಜ್ಜಿಯನ್ನು ನೋಡಿದರು.

“ನಿಮ್ಮ ಜಗಳ ಮುಗಿಯೋದ್ರೊಳಗೆ ನಾನು ಇಳಿದು ಬರ್ಲಾ?” ಎಂದರು ಮೇಲಿನಿಂದ ಅಜ್ಜಿ.

“ಬೇಡ!” ಈ ಸಲ ಅಕ್ಕನಿಗಿಂತ ಜೋರಾಗಿ ಕೂಗಿದ್ದು ಚಿಕ್ಕಪ್ಪ.

ಅತ್ತೆ ಮೆಟ್ಟಿಲಿನ ತುದಿಗೆ ಕೆಳಗಿನಿಂದ ಕಂಬ ಕೊಟ್ಟು, ತಮ್ಮ ಚೀಲದಲ್ಲಿದ್ದ ಅಚ್ಚಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದರು. ಸ್ಪ್ಯಾನರಿನ ತಿರುವಿಗೊಂದು ಬೈಗುಳ! ಕೊನೆಗೆ ತಾವೇ ಹತ್ತಿ ಧಡಧಡ ಕುಣಿದು ನೋಡಿ, ಅಜ್ಜಿಯ ಕೈ ಹಿಡಿದು ಇಳಿಸಿಕೊಂಡು ಬಂದರು. ಸಿಟ್ಟು ಮಾತ್ರ ಇಳಿದಿರಲಿಲ್ಲ.

“ಅಮ್ಮಾ, ಮೆಟ್ಟಿಲ ಪಕ್ಕ ಕೈಗೆ ಆಸರೆ ಇರೋ ಕಂಬಿಗೂ ಉದ್ದನೆ ಬೋಲ್ಟು ಬೇಕು, ಮುಂದಿನ ಭಾನುವಾರ ತರ್ತೀನಿ. ಅಲ್ಲೀವರೆಗೆ ಇವನೇ ನಿನ್ನ ಕೈ ಹಿಡಿದು ಇಳಿಸ್ಲಿ. ಸ್ಪ್ಯಾನರ್ ಮುಟ್ಟಿದ್ರೆ ಇವನ ಬೆರಳು ಮುರೀತೀನಿ.”

“ಊಟಕ್ಕೇ ಬಾ,” ಎಂದರು ಅಜ್ಜಿ. “ಹೊಟ್ಟೆ ತುಂಬಿದ್ರೆ ಇನ್ನೂ ಚೆನ್ನಾಗಿ ಬೈಬಹುದು.”