ಕೆಂಪು ಸ್ವಿಚ್ಚಿಗೆ ವಿಭೂತಿ

ನಮ್ಮ ತೋಟದ ಮನೆಯಲ್ಲಿ ‘ಸಪ್ಲಾಯ್’ ಅಂದರೆ ಒಂದೇ ಅರ್ಥ, ಕಂಬದ ಮೇಲಿಂದ ಬರುವ ಕರೆಂಟು. ಸಪ್ಲಾಯ್ ಬಂತು ಅಂದರೆ ಗಂಡಸರು ಉಣ್ಣುವ ತಾಟು ಬಿಟ್ಟು ಮೋಟರ್ ಚಾಲೂ ಮಾಡಲು ಓಡುತ್ತಾರೆ. ಹೋಯಿತು ಅಂದರೆ ವಾಪಸ್ ಬಂದು, ರೊಟ್ಟಿ ಆರಿದೆ ಅಂತ ನನ್ನ ಮೇಲೆ ಹಾಯುತ್ತಾರೆ. ಹೀಗಿರುವಾಗ ನನ್ನ ಮಗಳು ಒಂದು ದಿನ “ಅಪ್ಪಾ, ಕಂಪ್ಯೂಟರಿಗೆ ಪವರ್ ಸಪ್ಲಾಯ್ ಬೇಕು” ಅಂದಳು.

“ಸಪ್ಲಾಯ್ ನನಗೂ ಬೇಕಾಗೈತಿ. ಕಬ್ಬು ಒಣಗಾಕತ್ತೈತಿ,” ಅಂದರು ನಮ್ಮ ಮನೆಯವರು. “ಲೈನ್‌ಮನ್‌ಗ ಹೋಗಿ ಹೇಳು, ನನಗ್ಯಾಕ ಹೇಳ್ತಿ?”

“ಆ ಸಪ್ಲಾಯ್ ಅಲ್ಲಪ್ಪಾ. ಡಬ್ಬಿ ಇರ್ತೈತಿ, ಅಂಗಡ್ಯಾಗ ಸಿಗತೈತಿ.”

“ಸಪ್ಲಾಯ್ ಡಬ್ಬ್ಯಾಗ ಸಿಗೂದಿದ್ರ ನಾ ಯಾವಾಗೋ ತಂದು ಬಾವಿ ದಂಡಿಗೆ ಇಡ್ತಿದ್ದೆ!”

ತಮ್ಮ ಮಾತಿಗೆ ತಾವೇ ನಕ್ಕರು. ಮಗಳು ನನ್ನ ಮುಖ ನೋಡಿದಳು. ನಾನು ರೊಟ್ಟಿ ಬಡಿಯುತ್ತ ದೇವರ ಮುಖ ನೋಡಿದೆ.

ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಏಕಸಂಬಿ ಕಡೆ ನಮ್ಮ ಹೊಲ, ಹೊಲದಲ್ಲೇ ಮನೆ. ಪಿಯುಸಿ ಮುಗಿಸಿದ ಮಗಳು ಚಿಕ್ಕೋಡಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಕಬ್ಬು ಸಾಗಿಸುವ ದಿನ ಬಂದವೆಂದರೆ ರಸ್ತೆ ತುಂಬ ಟ್ರ್ಯಾಕ್ಟರು, ಅವುಗಳ ಹಿಂದೆ ಸಿಕ್ಕ ಬಸ್ಸು ಮನೆ ಮುಟ್ಟಿಸುವಷ್ಟರಲ್ಲಿ ಕತ್ತಲು. ಇವರು ಕ್ಲಾಸು ಬಿಡಿಸಿದರು. ಅವಳು ಅತ್ತಳು, ಉಣ್ಣಲಿಲ್ಲ. ಕಡೆಗೆ ನನ್ನ ಮೈದುನ ಅವಳ ಪರ ನಿಂತ. ನಿಪ್ಪಾಣಿಯಿಂದ ಒಂದೊಂದೇ ಸಾಮಾನು ತಂದು ತಾನೇ ಮನೆಯಲ್ಲಿ ಕಂಪ್ಯೂಟರ್ ಕಟ್ಟುತ್ತೇನೆ, ಅವಳು ಇಲ್ಲೇ ಕೂತು ಕಲಿಯಲಿ, ಪರೀಕ್ಷೆ ಬರೆಯಲು ಮಾತ್ರ ಚಿಕ್ಕೋಡಿಗೆ ಹೋಗಲಿ ಅಂದ. ಇವರು ಒಪ್ಪಿದರು, ಆದರೆ ಕಟ್ಟಳೆ ಹಾಕಿಯೇ ಒಪ್ಪಿದರು.

“ಪರೀಕ್ಷೆ ಒಳಗ ಮಶೀನ್ ಚಾಲೂ ಆಗಬೇಕು. ಆಗಲಿಲ್ಲಂದ್ರ ಕ್ಲಾಸೂ ಬಂದ್, ಪರೀಕ್ಷಾನೂ ಬಂದ್. ಆಮ್ಯಾಲ ಅಳಬಾರದು.”

ಆ ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ.

ಆ ಡಬ್ಬಿ ಯಾತಕ್ಕೆ ಅಂತ ಮಗಳು ನನಗೆ ತಿಳಿಸಿ ಹೇಳಿದ್ದಳು. ಕಂಬದ ಕರೆಂಟು ಕಾಲುವೆ ನೀರಿನಂಥದ್ದು, ಕಂಪ್ಯೂಟರಿನ ಒಳಗಿನ ಭಾಗಗಳು ಎಳೆ ಸಸಿಗಳು. ಕಾಲುವೆಯನ್ನೇ ಮಡಿಗೆ ತಿರುಗಿಸಿದರೆ ಸಸಿ ಕೊಚ್ಚಿ ಹೋಗುತ್ತವೆ. ಯಾವುದಕ್ಕೆ ಎಷ್ಟು ಬೇಕೋ ಅಷ್ಟೇ ಹಾಯಿಸುವುದು ಈ ಡಬ್ಬಿಯ ಕೆಲಸ. ನನಗೆ ಒಂದೇ ಸಲಕ್ಕೆ ತಿಳಿಯಿತು. ಮೂವತ್ತು ವರ್ಷ ನೀರು ಹಾಯಿಸಿದ ಗಂಡಸರಿಗೆ ತಿಳಿಯಲಿಲ್ಲ.

ನಿಪ್ಪಾಣಿಗೆ ನಾಲ್ವರೂ ಹೋದೆವು. ಅಂಗಡಿಯಾತ ಎರಡು ಡಬ್ಬಿ ತಂದು ಗಾಜಿನ ಮೇಲಿಟ್ಟು, “ಕಿತೀ ವ್ಯಾಟ್ ಪಾಹಿಜೆ, ದಾದಾ?” ಅಂದ. ಎಷ್ಟು ವ್ಯಾಟಿನದು ಬೇಕು ಅಂತ. ಮೈದುನನಿಗೆ ಎಷ್ಟು ಬೇಕೋ ಗೊತ್ತಿರಲಿಲ್ಲ. ಹಾಗಂತ ಹೇಳಿದರೆ ಮರ್ಯಾದೆ ಏನಾಗಬೇಕು? “ಜಾಸ್ತೀದು ತೋರಸ್ರಿ” ಅಂದ.

“ಐದು ಎಚ್‌ಪಿ ಸಾಕಾಗೂವಲ್ಲಿ ಏಳೂವರಿ ಕೂಡಿಸಿದರ ಮೋಟರ್ ಸುಡೂದಿಲ್ಲ,” ಅಂತ ಇವರೂ ದನಿಗೂಡಿಸಿದರು. “ದೊಡ್ಡ ನಂಬರಿಂದs ತಗೋ.”

ಮಗಳು ಮೆಲ್ಲಗೆ, “ಅಪ್ಪಾ, ಮ್ಯಾಲ ಬರದ ನಂಬರ್ ನಂಬಬ್ಯಾಡ್ರಿ ಅಂತ ನಮ್ಮ ಮೇಡಂ ಹೇಳ್ಯಾರ. ಕೈಯಾಗ ಎತ್ತಿ ನೋಡಬೇಕಂತ. ಹಗರ ಇದ್ರ ಒಳಗ ಸಾಮಾನು ಕಡಿಮಿ ಹಾಕಿರ್ತಾರಂತ” ಅಂದಳು.

“ಇದೇನು ಕಲ್ಲಂಗಡಿನಾ, ಎತ್ತಿ, ಬಡದು ನೋಡಾಕ?” ಅಂದ ಮೈದುನ.

ಅಂಗಡಿಯಾತನೂ ನಕ್ಕ. ದೊಡ್ಡ ನಂಬರಿನ, ಥಳಥಳ ಚೀಟಿ ಹಚ್ಚಿದ ಡಬ್ಬಿ ನಮ್ಮ ಚೀಲಕ್ಕೆ ಬಂತು. ಬಸ್ಸಿನಲ್ಲಿ ಚೀಲ ನನ್ನ ತೊಡೆಯ ಮೇಲಿತ್ತು. ಒಳಗೆ ಚುರುಮುರಿ ಇದ್ದಷ್ಟೂ ಭಾರವಿರಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಚಾಲೂ ಆಯಿತು. ಅತ್ತೆ ಕೈ ಮುಗಿದರು, ನಾನು ಸಕ್ಕರೆ ಹಂಚಿದೆ. ಮಗಳು ಇನ್ನೇನು ಟೈಪ್ ಮಾಡಲು ಕೂತಿರಬೇಕು, ಬಾವಿಯ ಮೋಟರು, ಹಳ್ಳದ ಮೋಟರು, ಆಚೆ ಹೊಲದವರ ಮೋಟರು ಎಲ್ಲ ಒಮ್ಮೆಲೇ ಶುರುವಾದವು. ಬಲ್ಬು ಅರಿಶಿಣ ಬಣ್ಣಕ್ಕೆ ಬಂತು. ಕಂಪ್ಯೂಟರ್ ತಾನಾಗಿಯೇ ಆರಿ, ತಾನಾಗಿಯೇ ಹತ್ತಿ, ಮತ್ತೆ ಆರಿತು. ಟೈಪ್ ಮಾಡಿದ್ದೆಲ್ಲ ಹೋಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮಗಳ ಕಣ್ಣಲ್ಲಿ ನೀರು, ಇವರ ಬಾಯಲ್ಲಿ “ನಾ ಮೊದಲs ಹೇಳಿದ್ನಿ.” ಏನು ಹೇಳಿದ್ದರೋ ದೇವರಿಗೇ ಗೊತ್ತು.

ಒಂದು ಮುಂಜಾನೆ ಮೈದುನ ಕಂಪ್ಯೂಟರಿನ ಹಿಂದೆ ತಲೆ ತೂರಿಸಿದವನು “ವೈನಿ, ರೋಗ ಸಿಕ್ತು!” ಅಂತ ನನ್ನನ್ನು ಕೂಗಿದ.

ಡಬ್ಬಿಯ ಹಿಂಬದಿಗೆ ಒಂದು ಸಣ್ಣ ಕೆಂಪು ಸ್ವಿಚ್ಚಿತ್ತು. ಈ ಕಡೆ ಸರಿಸಿದರೆ 230, ಆ ಕಡೆ ಸರಿಸಿದರೆ 115. ಟೀವಿಯ ಸ್ಟೆಬಿಲೈಜರಿನ ಮುಳ್ಳು ತೋರಿಸುತ್ತ ಅವನು ಪಾಠ ಮಾಡಿದ.

“ನೋಡ್ರಿ ವೈನಿ, ನಮ್ಮ ತೋಟಕ್ಕ ಬರೂದs ಅರ್ಧಾ ಕರೆಂಟ್. ಸ್ವಿಚ್ ಇಟ್ಟದ್ದು ಪೂರಾ ಕರೆಂಟಿಗೆ. ಹೆಂಗ ನಡದೀತು? ಅರ್ಧಾ ಕರೆಂಟಿಗೆ ಅರ್ಧಾ ಸ್ವಿಚ್!”

“ಕಾಕಾ, ಮುಟ್ಟಬ್ಯಾಡ! ಅದು ಪರದೇಶದ ಕರೆಂಟಿಗಂತ. ಮೇಡಂ ಹೇಳ್ಯಾರ...”

“ನಿಮ್ಮ ಮೇಡಂದು ಚಿಕ್ಕೋಡಿ ಕರೆಂಟ್, ತಂಗಿ. ಇದು ತೋಟದ ಕರೆಂಟ್.”

ಅವಳು ಕೈ ಹಿಡಿಯುವಷ್ಟರಲ್ಲಿ ಸ್ವಿಚ್ ಸರಿಸಿ ಆಗಿತ್ತು. ಮತ್ತೆ ಏನು ಹೇಳಲಿ, ಕಂಪ್ಯೂಟರ್ ನಡೆಯಿತು! ಮೋಟರುಗಳೆಲ್ಲ ಗುಡುಗುಟ್ಟುತ್ತಿದ್ದರೂ, ಬಲ್ಬು ಅರಿಶಿಣವಾಗಿದ್ದರೂ, ಮುಂಜಾನೆಯೆಲ್ಲ ಒಮ್ಮೆಯೂ ಆರದೆ ನಡೆಯಿತು. ಮೈದುನ ಕಾಲ ಮೇಲೆ ಕಾಲು ಹಾಕಿ ಎರಡು ಸಲ ಚಹಾ ಕುಡಿದ. “ಮೇಡಂಗ ಹೋಗಿ ಹೇಳು” ಅಂತ ಮಗಳನ್ನು ಕಾಡಿಸಿದ. ಇವರೂ ತಮ್ಮನ ಬೆನ್ನು ಚಪ್ಪರಿಸಿದರು.

ಮಧ್ಯಾಹ್ನ ಮೋಟರು ನಡೆಸುವ ತ್ರೀ ಫೇಜ್ ಹೋಯಿತು. ದಿನಾ ಹೋಗುವಂತೆಯೇ ಹೋಯಿತು. ಮೋಟರುಗಳೆಲ್ಲ ಒಟ್ಟಿಗೆ ನಿಂತವು, ಮನೆಯ ಸಿಂಗಲ್ ಫೇಜ್ ಮಾತ್ರ ಉಳಿಯಿತು. ಬಲ್ಬು ಹಾಲಿನಂತೆ ಬೆಳ್ಳಗಾಯಿತು. ಎಳೆಯುವವರು ಯಾರೂ ಇಲ್ಲದಾಗ ಪೂರಾ ಕರೆಂಟು ನಮ್ಮ ಮನೆಗೇ ಬರುತ್ತದೆ ಅನ್ನುವುದು ಆ ಬುದ್ಧಿವಂತನ ಲೆಕ್ಕದಲ್ಲಿ ಇರಲಿಲ್ಲ.

ಢಮ್ ಅಂತ ಸಪ್ಪಳ. ಹಿಂದೆಯೇ ಹೊಗೆ.

“ತಾಯಿ ಮಾಯವ್ವಾ!” ಅಂತ ಅತ್ತೆ ಜೋಳದ ಮೊರ ಚೆಲ್ಲಿದರು. ನಾನು ಕೈಯ ಹಿಟ್ಟಿನ ಸಮೇತ ಓಡಿ ಪಿನ್ನು ಕಿತ್ತೆ. ಮಗಳು ಗೋಡೆಗೆ ಆತು ನಿಂತಿದ್ದಳು. ಉಣ್ಣಲು ಎದ್ದವಳು ಬಾಗಿಲಲ್ಲಿದ್ದಳು, ಅದು ಮೊದಲ ಪುಣ್ಯ. ಕಿಡಿ ಮೂಲೆಯಲ್ಲಿ ಒಟ್ಟಿದ್ದ ಜೋಳದ ಒಣ ಕಣಿಕೆಗೆ ಸಿಡಿಯಲಿಲ್ಲ, ಅದು ಎರಡನೆಯದು. ಹೆಚ್ಚು ಎಣಿಸಲು ಮೈದುನ ಬಿಡಲಿಲ್ಲ.

“ಕಂಪನೀ ಮಾಲ್ ಸರಿ ಇಲ್ಲ, ವೈನಿ.”

“ಹೌದಪ್ಪಾ, ಮಾಲ್ ಸರಿ ಇಲ್ಲ. ನಮ್ಮ ಮನೀದು ಯಾವ ಮಾಲೂ ಸರಿ ಇಲ್ಲ,” ಅಂದೆ.

ಇವರು ಬಂದು, ಹೊಗೆ ನೋಡಿ, “ಮುಗೀತಲ್ಲ. ಇನ್ನ ಯಾರೂ ಪರೀಕ್ಷಾ ಅನ್ನಬ್ಯಾಡ್ರಿ” ಅಂದರು. ಮಗಳು ಈ ಸಲ ಅಳಲಿಲ್ಲ. ಪುಸ್ತಕ ಎತ್ತಿ ಟ್ರಂಕಿನಲ್ಲಿ ಇಡತೊಡಗಿದಳು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ, ಅದನ್ನು ತಡೆದುಕೊಳ್ಳಲಾಗಲಿಲ್ಲ.

“ಪರೀಕ್ಷಾ ಇನ್ನೂ ಬಂದಿಲ್ರಿ. ನೀವು ಹಾಕಿದ ಕಟ್ಟಳಿ ನಡುವs ನೀವ್ಯಾಕ ಮುರೀತೀರಿ?” ಅಂದೆ. “ನಾಳೆ ನಾನೂ ಅಕಿನೂ ನಿಪ್ಪಾಣಿಗೆ ಹೋಗ್ತೀವಿ. ನೀವಿಬ್ಬರೂ ಬರಬ್ಯಾಡ್ರಿ.”

ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಗ್ಗಿ ನೋಡಿ, “ಕೂಸಿಗೆ ಅರ್ಧಾ ಟಿಕೀಟ್ ಆಗತೈತಿ ನೋಡ್ರಿ, ಅಕ್ಕಾರ” ಅಂದ.

“ಅರ್ಧಾದ್ದು ಹೆಸರ ತಗೀಬ್ಯಾಡಪ್ಪಾ,” ಅಂದೆ. ಮಗಳು ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು.

ಅಂಗಡಿಯಾತ ಡಬ್ಬಿ ತಿರುಗಿಸಿ ಸ್ವಿಚ್ ನೋಡಿ ಹಣೆ ಬಡಿದುಕೊಂಡ. “ಇದನ್ಯಾರು ಸರಿಸಿದ್ರು, ತಾಯಿ?”

“ಮನ್ಯಾಗ ಇಂಜಿನಿಯರ್ ಅದಾರ್ರಿ.”

ಮಗಳು ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ತೂಗಿದಳು. ತೂತುಗಳಿಂದ ಒಳಗೆ ಇಣುಕಿ ತಾಮ್ರದ ಸುರುಳಿ ನೋಡಿದಳು. “ಕರೆಂಟ್ ಡಿಮ್ ಆದ್ರ ಎಲ್ಲೀತನಕ ತಡೀತೈತ್ರಿ?” ಅಂತ ಕೇಳಿದಳು. ಚಿಕ್ಕ ನಂಬರಿನ, ಮಬ್ಬು ಬಣ್ಣದ, ನನ್ನ ರೊಟ್ಟಿಯ ಹಂಚಿನಷ್ಟು ಭಾರದ ಒಂದನ್ನು ಆರಿಸಿದಳು. ಅಂಗಡಿಯಾತ ಅಲ್ಲೇ ಜೋಡಿಸಿದ. ಫ್ಯಾನು ತಿರುಗಿತು, ಪರದೆಯ ಮೇಲೆ ಅಕ್ಷರ ಮೂಡಿದವು. ಸುಟ್ಟದ್ದು ಡಬ್ಬಿ ಒಂದೇ, ಒಳಗಿನದೆಲ್ಲ ಜೀವಂತ. ಅಂಗಡಿಯಲ್ಲೇ ಕೈ ಮುಗಿದೆ.

“ಆದ್ರ ಬಲ್ಬ್ ಪೂರಾ ಹಳದಿ ಆತಂದ್ರ ಇದೂ ತಡ್ಯೂದಿಲ್ಲ, ಸುಳ್ಳ್ಯಾಕ ಹೇಳ್ಲಿ,” ಅಂದ ಅಂಗಡಿಯಾತ.

ಮನೆಗೆ ಬಂದ ಕೂಡಲೇ ಕೆಂಪು ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿದೆ. ಪಟ್ಟಿಯನ್ನು ಮೈದುನ ಕೀಳುತ್ತಾನೆ ಅಂತ ಗೊತ್ತು. ಅದಕ್ಕೇ ಅದರ ಮೇಲೆ ದೇವರ ಜಗಲಿಯ ವಿಭೂತಿ ಎಳೆದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿದೆ. ಅತ್ತೆ ಕಣಗಿಲೆ ಹೂವು ತಂದಿಟ್ಟರು. ಮೈದುನ ದೂರ ನಿಂತು ನೋಡಿದ.

“ವೈನಿ, ಇದೇನ್ರಿ ಇದು?”

“ಮುಟ್ಟಿದವರ ಕೈ ಏನಾಗತೈತೋ ನನಗ ಗೊತ್ತಿಲ್ಲಪ್ಪಾ.”

ಅವನು ಆಮೇಲೆ ಆ ಕಡೆ ಕಸಬರಿಗೆಯನ್ನೂ ಹಾಯಿಸಲಿಲ್ಲ.

ಉಳಿದದ್ದು ಇವರು. ಮಧ್ಯಾಹ್ನದ ಸಿಂಗಲ್ ಫೇಜ್ ಗಳಿಗೆಗೊಮ್ಮೆ ಹೋಗಿ ಬರುತ್ತಿತ್ತು, ಅದನ್ನು ನಂಬಿ ಕಲಿಯಲು ಕೂಡುವಂತಿರಲಿಲ್ಲ. ಮುಂಜಾನೆ ನಮ್ಮ ಎರಡು ಮೋಟರು ನಿಂತರೆ ಸಾಕು, ಬಲ್ಬು ಬೆಳ್ಳಗಾಗುತ್ತಿತ್ತು. ದಿನಾ ಒಂದು ತಾಸು ಬಂದ್ ಮಾಡಿರಿ ಅಂತ ಕೇಳಿದೆ.

“ತ್ರೀ ಫೇಜ್ ಇದ್ದಾಗ ಮೋಟರ್ ಬಂದ್ ಮಾಡೂದಾ? ತಲಿ ನೆಟ್ಟಗೈತೇನು?” ಅಂದರು.

“ಡಬ್ಬಿ ನಾವು ಆರಿಸಿ ತಂದೀವ್ರಿ. ಉಳದ ಸಪ್ಲಾಯ್ ನಿಮ್ಮ ಕೈಯಾಗ ಐತಿ. ಕೊಡೂದಿಲ್ಲಂದ್ರ ಮಶೀನ್ ನಡೀಲಿಲ್ಲ ಅನ್ನಬ್ಯಾಡ್ರಿ, ನಾ ನಡಸಲಿಲ್ಲ ಅನ್ರಿ.”

ಅವರು ಟವೆಲ್ಲು ಕೊಡವಿ ಹೊರಗೆ ಹೋದರು. ನಾನು ಆ ದಿನ ಜಪವನ್ನೂ ಸರಿಯಾಗಿ ಮಾಡಲಿಲ್ಲ. ಮರುದಿನ ಮುಂಜಾನೆ ಬದುವಿನ ಮೇಲಿಂದ ಸಿಟ್ಟಿನ ದನಿ ಬಂತು.

“ಏ ಬೇ! ಬಂದ್ ಮಾಡೇನಿ! ಹಚ್ಚು ನಿನ್ನ ಪೆಟಗಿ!”

ಪರೀಕ್ಷೆಯವರೆಗೂ ದಿನಾ ಒಂದು ತಾಸು ಹಾಗೆಯೇ ಕೂಗಿದರು, ದಿನಾ ಬೈದರು, ದಿನಾ ಬಂದ್ ಮಾಡಿದರು. ಮೋಟರ್ ನಿಂತ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಒಲೆಯ ಮುಂದೆ ಬಂದು ಕೂಡುತ್ತಿದ್ದರು. ಮದುವೆಯಾದಂದಿನಿಂದ ಅವರು ಬಿಸಿ ರೊಟ್ಟಿ ಉಂಡದ್ದು ಆ ದಿನಗಳಲ್ಲೇ ಇರಬೇಕು.

ಮಗಳು ಪಾಸಾದಳು. ಸುದ್ದಿ ಬಂದ ದಿನ ಮೈದುನ, “ಕಂಪ್ಯೂಟರ್ ಕಟ್ಟಿದಾಂವ ನಾ” ಅಂದ. ಅತ್ತೆ, “ವಿಭೂತಿ ಮಹಿಮಾ” ಅಂದರು. ಇವರು ಬಂದವರಿಗೆಲ್ಲ, “ಕಬ್ಬು ಒಣಗಿಸಿ ಪಾಸ್ ಮಾಡಿಸೇನಿ” ಅಂತ ಹೇಳಿದರು. ಕಬ್ಬು ಒಣಗಿರಲಿಲ್ಲ.

ಅಷ್ಟರಲ್ಲಿ ಸಪ್ಲಾಯ್ ಬಂತು. ಇವರು ತಾಟು ಬಿಟ್ಟು ಎದ್ದರು, ಬಾಗಿಲವರೆಗೆ ಹೋದರು, ತಿರುಗಿ ಮಗಳನ್ನು ಕೇಳಿದರು.

“ಮುಂದಿನ ಕ್ಲಾಸಿಂದು ಏನರ ಕೆಲಸ ಐತೇನ, ಇಲ್ಲ ಹಚ್ಚಲ್ಯಾ ಮೋಟರ್?”