ಬತ್ತದ ಬಾವಿ

ನಗರಸಭೆಯಲ್ಲಿ ಎಲ್ಲರೂ ಅವನನ್ನು ಚೆಂಡಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಅವನ ಕೆಲಸ ಒಂದೇ. ಮೋರಿಗೆ ರಬ್ಬರ್ ಚೆಂಡು ಬಿಡುವುದು, ಅದು ಹತ್ತಡಿ ದಾಟಲು ಎಷ್ಟು ಸೆಕೆಂಡು ಹಿಡಿಯಿತು ಅಂತ ಬರೆದುಕೊಳ್ಳುವುದು. ಆ ಚೆಂಡನ್ನು ಮತ್ತೆ ಎತ್ತಿಕೊಳ್ಳಬೇಕಲ್ಲ, ಅದೂ ಅವನೇ. ಊರಿನವರ ಹೊಟ್ಟೆಯಿಂದ ಇಳಿದದ್ದೆಲ್ಲ ಅವನ ಬೆರಳಿಗೆ ಅಂಟುತ್ತಿತ್ತು. ಮೂಗು ಎಂದೋ ಸತ್ತುಹೋಗಿತ್ತು. ಮನೆಯಲ್ಲಿ ಏನೋ ನಾರುತ್ತೆ ಅಂತ ಹೆಂಡತಿ ಅಂದಾಗಲೆಲ್ಲ, ಪಾಪ, ತನ್ನ ಮೈಯೇ ಇರಬೇಕು ಅಂದುಕೊಂಡು ಇನ್ನೊಂದು ಸಲ ಸ್ನಾನ ಮಾಡುತ್ತಿದ್ದ.

ಮೋರಿ ನೀರು ನಡುವೆ ಸೋರುತ್ತಿದೆಯಾ ಅಂತ ತಿಳಿಯುವ ಲೆಕ್ಕವೇನೋ ಸುಲಭದ್ದು. ಒಳಗೆ ಹೋದಷ್ಟು ನೀರು ಹೊರಗೆ ಬರಲೇಬೇಕು. ಆಳ ಅಷ್ಟೇ ಇದ್ದು ಮೋರಿಯ ಅಗಲ ಅರ್ಧವಾದರೆ, ನೀರಿನ ವೇಗ ಎರಡರಷ್ಟಾಗಬೇಕು.

ಆ ದಿನ, ಬಹಳ ವರ್ಷಗಳ ಮೇಲೆ, ಅವನ ಬೀದಿಯದೇ ಸರದಿ. ಮಹಡಿಯ ಮೇಲೆ ಅಣ್ಣ, ಕೆಳಗೆ ಇವನು, ಮುಂದೆ ಅಣ್ಣನ ಅಂಗಡಿ. ಅಂಗಡಿಯ ಮೆಟ್ಟಿಲಿಗೆಂದು ಅಣ್ಣ ಎರಡಡಿ ಮೋರಿಯನ್ನು ಒಂದಡಿ ಮಾಡಿ ನಾಲ್ಕು ವರ್ಷವಾಗಿತ್ತು. ತಮ್ಮನೇ ನಗರಸಭೆಯಲ್ಲಿರುವಾಗ ಕೇಳುವವರು ಯಾರು? ಅಗಲದ ಕಡೆ ಚೆಂಡಿಗೆ ಹತ್ತು ಸೆಕೆಂಡು ಹಿಡಿಯಿತು. ಆಳ ಎರಡೂ ಕಡೆ ಒಂದೇ, ಹಾಗಾಗಿ ಕಿರಿದಾದ ಕಡೆ ಐದಾಗಬೇಕು. ಏಳಾಯಿತು. ಮತ್ತೆ ಬಿಟ್ಟ, ಏಳೇ. ಅಂದರೆ ನಡುವೆ ನೀರು ಎಲ್ಲೋ ತಪ್ಪಿಸಿಕೊಳ್ಳುತ್ತಿತ್ತು. ಬಗ್ಗಿ ನೋಡಿದರೆ, ಮೋರಿ ಕಿರಿದಾಗುವಲ್ಲೇ ಗೋಡೆ ಬಿರುಕು ಬಿಟ್ಟಿತ್ತು. ಅದರಾಚೆ ಆರಡಿಗೆ ಮನೆಯ ಕುಡಿಯುವ ನೀರಿನ ಬಾವಿ.

ಬೇಸಿಗೆಯಲ್ಲೂ ಬತ್ತದ ಬಾವಿ ಅಂತ ಅಣ್ಣನಿಗೆ ಎಷ್ಟು ಜಂಬ! ಬತ್ತುವುದಾದರೂ ಹೇಗೆ, ಥೂ. ಇವನ ಮಗಳು ಒಂದು ವರ್ಷದಿಂದ ಹೊಟ್ಟೆ ಹಿಡಿದುಕೊಂಡು ಮಲಗಿ ಕಡ್ಡಿಯಾಗಿದ್ದಳು. ಕಂಡಕಂಡಲ್ಲಿ ತಿಂತೀಯ ಅಂತ ಅವಳನ್ನು ಗದರಿದ್ದೂ ಇವನೇ.

ಆಮೇಲೆ ಮಹಡಿ ಹತ್ತಿ ಅಣ್ಣನಿಗೆ ಎಲ್ಲ ಹೇಳಿದ. ಮೆಟ್ಟಿಲು ಒಡೆಯಬೇಕು, ಬಾವಿ ಮುಚ್ಚಬೇಕು, ನಿನ್ನ ಮಕ್ಕಳೂ ಅದೇ ನೀರು ಕುಡಿಯೋದಲ್ವಾ ಅಂದ. ಅಣ್ಣ ಓದುತ್ತಿದ್ದ ಪೇಪರನ್ನು ನಿಧಾನವಾಗಿ ಮಡಿಸಿದ.

“ನಾವು ಕುಡಿಯಲ್ಲಪ್ಪ. ವಾಸನೆ ಬಂದಾಗಿಂದ ಕ್ಯಾನ್ ನೀರೇ ತರಿಸೋದು. ಎರಡು ವರ್ಷ ಆಯ್ತು.”

“ನಮಗ್ಯಾಕೆ ಹೇಳ್ಲಿಲ್ಲ ಅಣ್ಣ?”

“ದಿನಾ ಮೋರಿಲಿ ಕೈ ಹಾಕೋನು ನೀನು. ನಿನಗೆ ಇದೆಲ್ಲ ಒಗ್ಗಿರುತ್ತೆ ಅಂದ್ಕೊಂಡೆ.”

ಇಪ್ಪತ್ತು ವರ್ಷದಲ್ಲಿ ಯಾವ ಮೋರಿಗೂ ಬಾರದ ಹೇಸಿಗೆ ಅವನಿಗೆ ಆಗ ಬಂತು. ಮೂಲೆಯಲ್ಲಿದ್ದ ಕ್ಯಾನನ್ನು ಹೆಗಲಿಗೇರಿಸಿಕೊಂಡು ಕೆಳಗಿಳಿದ. ಅತ್ತಿಗೆ ಕೂಗಿದಳು, ತಿರುಗಿ ನೋಡಲಿಲ್ಲ. ಮಗಳಿಗೆ ಒಂದು ಲೋಟ ಬಗ್ಗಿಸಿ ಕೊಟ್ಟ, ಅವಳು ಪೂರ್ತಿ ಕುಡಿಯುವವರೆಗೂ ನಿಂತಿದ್ದ. ಆಮೇಲೆ ಹಾರೆ ತಗೊಂಡು ಅಂಗಡಿಯ ಮೆಟ್ಟಿಲ ಹತ್ತಿರ ಹೋದ.